ಬಲದವಡೆಯ ಕೀಲಿನಲ್ಲಿ ಬೀಡುಬಿಟ್ಟಿರುವ ಉರಿಯೂತದವರಿಗೆ

ಮಾನ್ಯರೇ,

ತಮಗೂ ತಮ್ಮ ಪರಿವಾರಕ್ಕೂ, ಅಂದರೆ ಊತ, ಬಿಗಿತ ಮತ್ತು ಮುಂಜಾನೆ ಬಾಯಿ ತೆರೆಯುವ ಮೊದಲೇ ಹಾಜರಾಗುವ ಆ ನೋವಿಗೂ, ತುಮಕೂರು ನಗರದ ಉಪ್ಪಾರಹಳ್ಳಿಯಿಂದ ನನ್ನ ಸವಿನಯ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ ಎಂದು ಮೊದಲು ಬರೆಯುವುದು ವಾಡಿಕೆಯಾದರೂ, ಅದು ಎಷ್ಟರಮಟ್ಟಿಗೆ ನಿಜ ಎಂಬುದು ನನಗಿಂತ ತಮಗೇ ಚೆನ್ನಾಗಿ ಗೊತ್ತಿರುವುದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ನನ್ನ ಪರಿಚಯ ತಮಗಿದೆ, ಓದುವ ಇತರರಿಗೆ ಇರಲಾರದು. ನಾನು ಪ್ರಮೀಳಾ, ಸರ್ಕಾರಿ ಬಸ್ಸಿನ ನಿರ್ವಾಹಕಿ. ತುಮಕೂರಿನಿಂದ ಗೂಳೂರು, ನಾಗವಲ್ಲಿ, ಹೆಬ್ಬೂರು ಮಾರ್ಗವಾಗಿ ಕುಣಿಗಲ್‌ಗೆ ಹೋಗಿ ಬರುವ ಬಸ್ಸಿನಲ್ಲಿ ನನ್ನ ಕೆಲಸ. ಆ ಮಾರ್ಗವನ್ನು ನಾನು ಕೇಳಿ ಪಡೆದದ್ದು. ಪಕ್ಕದ ಸೀಟಿನವರ ಮಗಳ ಮದುವೆ ಎಲ್ಲಿಗೆ ಬಂತೆಂಬುದನ್ನು ಪ್ರತಿದಿನ ವಿಚಾರಿಸಿಕೊಂಡು, ನಿಂತವರನ್ನು ಹಿಂದಕ್ಕೆ ಸರಿಸಿ, ಮಲಗಿದವರನ್ನು ಅವರವರ ಊರಿನಲ್ಲಿ ಎಬ್ಬಿಸಿ ಇಳಿಸುವ ಈ ಕೆಲಸ ನನಗೆ ಇಷ್ಟ. ಇದಕ್ಕೆ ಬೇಕಾದ ಮುಖ್ಯ ಸಲಕರಣೆ ಬಾಯಿ. ಟಿಕೆಟ್ ಯಂತ್ರ ಕೆಟ್ಟರೆ ಬದಲಿ ಕೊಡುತ್ತಾರೆ.

ತಾವು ಅಧಿಕಾರ ವಹಿಸಿಕೊಂಡದ್ದು ಎಂದು ಎಂಬುದನ್ನು ಖಚಿತವಾಗಿ ಹೇಳಲಾರೆ. ಆದೇಶಪತ್ರ ಬಂದಿರಲಿಲ್ಲ, ಹಾರ ಹಾಕಿ ಬರಮಾಡಿಕೊಂಡ ನೆನಪೂ ಇಲ್ಲ. ಮೊದಲು ಬಂದದ್ದು ಒಂದು ಶಬ್ದ. ಊಟಕ್ಕೆ ಕುಳಿತು ಬಾಯಿ ತೆರೆದಾಗಲೆಲ್ಲ ಬಲಗಿವಿಯ ಮುಂದೆ ಟಕ್ ಎನ್ನುತ್ತಿತ್ತು. ಎದುರಿಗಿದ್ದ ನಮ್ಮ ಯಜಮಾನರು ಕೃಷ್ಣಕುಮಾರ್ ಅವರು ಅದು ಗೋಡೆ ಗಡಿಯಾರದ್ದೆಂದು ಭಾವಿಸಿ, ಎದ್ದು ಹೋಗಿ ಹೊಸ ಸೆಲ್ಲು ಹಾಕಿ ಬಂದು ಕುಳಿತರು. ನಾನು ಇನ್ನೊಂದು ತುತ್ತು ಇಟ್ಟೆ. ಅವರು ಗಡಿಯಾರದ ಕಡೆಗೆ ನೋಡಿ, ನನ್ನ ಕಡೆಗೆ ನೋಡಿ, ಊಟ ಮುಂದುವರಿಸಿದರು.

ಯಜಮಾನರು ಗುಬ್ಬಿ ರಸ್ತೆಯಲ್ಲಿರುವ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಬಹಳ ಕಾಲದಿಂದ ಇದ್ದಾರೆ. ಲೋಕದಲ್ಲಿ ಕೆಡುವ ಯಾವ ವಸ್ತುವೂ ಅವರಿಗೆ ಅರ್ಥವಾಗದೆ ಉಳಿದಿಲ್ಲ. ಶಬ್ದದ ಜೊತೆಗೆ ನೋವೂ ಸೇರಿಕೊಂಡ ದಿನ ಅವರು ನನ್ನ ಕೆನ್ನೆಯ ಮೇಲೆ ಕೈಯಿಟ್ಟು, ಬಾಯಿ ತೆರೆಸಿ ಮುಚ್ಚಿಸಿ, ತೀರ್ಪು ಕೊಟ್ಟರು. "ಬೇರಿಂಗ್ ಸವೆದೈತೆ ಕಣೇ. ನಲ್ವತ್ತು ದಾಟ್ತಲ್ಲ, ಸವಕಳಿ ಇದ್ದದ್ದೇ. ಏನೂ ಮಾಡಕ್ಕಾಗಲ್ಲ, ನೋಡ್ಕೊಂಡು ಓಡಿಸ್ಬೇಕು." ನೋಡಿಕೊಂಡು ಓಡಿಸುವುದೆಂದರೆ ಹೇಗೆಂದು ನಾನು ಕೇಳಲಿಲ್ಲ. ಕೇಳಿದರೆ ನೋಯುತ್ತಿತ್ತು.

ಆದರೂ ತಮ್ಮ ವಿಳಾಸ ಪತ್ತೆಮಾಡಲು ನಾನು ಪ್ರಯತ್ನಿಸದೆ ಇರಲಿಲ್ಲ. ನೋವು ಕಿವಿಯೊಳಗೆ ಹೊಕ್ಕಂತೆ ಇದ್ದುದರಿಂದ ಕಿವಿಯ ಡಾಕ್ಟರ ಹತ್ತಿರ ಹೋದೆ. ಅವರು ದೀಪ ಹಾಕಿ ನೋಡಿ, ಕಿವಿ ಬಹಳ ಚೆನ್ನಾಗಿದೆ ಎಂದು ಮೆಚ್ಚಿಕೊಂಡು ಕಳಿಸಿದರು. ಆಮೇಲೆ ಹಲ್ಲಿನವರೊಬ್ಬರ ಹತ್ತಿರ ಹೋದೆ. ಅವರ ಹೆಸರು ಇಲ್ಲಿ ಬೇಡ. ನೋವಿರುವ ಬದಿಯಲ್ಲೇ ಒಂದು ಹುಳುಕು ದವಡೆ ಹಲ್ಲು ಅವರ ಕಣ್ಣಿಗೆ ಬಿತ್ತು, ಕಿತ್ತರು. ಹತ್ತಿ ಕಚ್ಚಿಕೊಂಡು ಮನೆಗೆ ಬಂದು, ಹತ್ತಿ ತೆಗೆದ ಮೇಲೆ ನೋಡಿದರೆ ತಾವು ಇದ್ದಲ್ಲೇ ಇದ್ದಿರಿ. ತಮ್ಮ ನೆರೆಮನೆಯವರು ಮಾತ್ರ ಇರಲಿಲ್ಲ. ನನಗೆ ಗೊತ್ತಿರುವ ಯಾವ ಅಧಿಕಾರಿಯೂ ತನ್ನ ಮೇಲಿನ ದೂರಿನ ವಿಚಾರಣೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಬೇರೆಯವರನ್ನು ಮನೆಗೆ ಕಳಿಸಿದ್ದಿಲ್ಲ.

ತಮ್ಮ ಕರ್ತವ್ಯನಿಷ್ಠೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ತಾವು ಭಾನುವಾರ ರಜೆ ತೆಗೆದುಕೊಳ್ಳಲಿಲ್ಲ. ಯುಗಾದಿಯ ಒಬ್ಬಟ್ಟಿನ ದಿನವೂ ಕಚೇರಿ ತೆರೆದಿದ್ದಿರಿ. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆನಂತೆ, ಆಗಲೂ ತಾವು ಕೆಲಸ ಮಾಡುತ್ತಿದ್ದಿರಿ. ಬಾಯಿ ಬಿಟ್ಟು ಆಕಳಿಸುವ ಹಕ್ಕನ್ನು ಮೊದಲು ಹಿಂತೆಗೆದುಕೊಂಡಿರಿ, ಆಮೇಲೆ ಕಬ್ಬು, ಆಮೇಲೆ ಸೀಬೆಹಣ್ಣು, ಕೊನೆಗೆ ಚಪಾತಿ. ನಮ್ಮ ಜಿಲ್ಲೆಯವರಾದ ನಾವು ರಾಗಿಮುದ್ದೆಯನ್ನು ಅಗಿಯದೆ ನುಂಗುವವರಾದ್ದರಿಂದ ಊಟದ ಆ ಒಂದು ಬಾಬತ್ತು ಮಾತ್ರ ತಮ್ಮ ವ್ಯಾಪ್ತಿಗೆ ಬರಲಿಲ್ಲ. ಅದಕ್ಕಾಗಿ ತಾವು ಮನನೊಂದಿದ್ದರೆ ಕ್ಷಮಿಸಬೇಕು.

ಇಷ್ಟಕ್ಕೆ ನಾನು ಬಹಿರಂಗವಾಗಿ ಪತ್ರ ಬರೆಯುತ್ತಿರಲಿಲ್ಲ. ತಾವು ನನ್ನ ಬಸ್ಸಿಗೆ ಕೈ ಹಾಕಿದಿರಿ.

ಬಾಯಿ ಕಡಿಮೆ ತೆರೆಯುವವರಿಗೆ ಕನ್ನಡದ ಊರುಗಳು ಸಮಾನವಲ್ಲವೆಂಬುದು ಆಗ ನನಗೆ ತಿಳಿಯಿತು. ಗೂಳೂರನ್ನು ತುಟಿ ಚೂಪು ಮಾಡಿಕೊಂಡು ಕೂಗಬಹುದು. ಕುಣಿಗಲ್ಲನ್ನೂ ಹೇಗೋ ಹಲ್ಲಿನ ಸಂದಿಯಿಂದ ಹೊರಗೆ ತರಬಹುದು. ನಾಗವಲ್ಲಿ ಆಗುವುದಿಲ್ಲ. ಅದರ ಮೊದಲ ಅಕ್ಷರಕ್ಕೇ ಬಾಯಿ ಪೂರ್ತಿ ತೆರೆಯಬೇಕು, ತೆರೆದದ್ದು ಮುಚ್ಚುವ ಮೊದಲೇ ಇನ್ನೆರಡು ಬಾರಿ ತೆರೆಯಬೇಕು. ಆ ಊರಿನ ಹೆಸರನ್ನು ನೂಗುವುಲ್ಲಿ ಎಂದು ಬದಲಾಯಿಸಿಕೊಟ್ಟರೆ ನನ್ನಂಥವರಿಗೆ ಅನುಕೂಲವಾಗುತ್ತದೆಂದು ಕೋರಿ ಸಂಬಂಧಪಟ್ಟವರಿಗೆ ಅರ್ಜಿ ಸಲ್ಲಿಸಬೇಕೆಂದಿದ್ದೆ. ಊರಿನವರು ಒಪ್ಪಲಾರರೆಂದು ಕೈಬಿಟ್ಟೆ.

ಒಂದು ದಿನ ಬೆಳಗ್ಗೆ, ಬಸ್ಸು ತುಂಬಿದ್ದಾಗ, ನಾಗವಲ್ಲಿ ಹತ್ತಿರ ಬರುತ್ತಿದ್ದಂತೆ ನಾನು ಅಭ್ಯಾಸಬಲದಿಂದ ಜೋರಾಗಿ "ನಾ" ಎಂದೆ. ಅಲ್ಲಿಗೇ ದವಡೆ ಸಿಕ್ಕಿಕೊಂಡಿತು. ಮುಚ್ಚಲೂ ಆಗಲಿಲ್ಲ, ತೆರೆಯಲೂ ಆಗಲಿಲ್ಲ. ಬಾಯಿಗೆ ಸೀಟಿ ಇಡಲಾಗದೆ ಕಂಬ ಹಿಡಿದುಕೊಂಡು ನಿಂತೆ. ಕಣ್ಣಲ್ಲಿ ನೀರು ಬಂತು. ಸೀಟಿ ಕೇಳದ್ದರಿಂದ ನಮ್ಮ ಚಾಲಕರಾದ ಪರಮಶಿವಯ್ಯನವರು ಇಳಿಯುವವರು ಯಾರೂ ಇಲ್ಲವೆಂದು ತಿಳಿದು ನೇರ ಹೊರಟರು. ನಾಗವಲ್ಲಿಯಲ್ಲಿ ಇಳಿಯಬೇಕಾಗಿದ್ದ ಹಿರಿಯರೊಬ್ಬರು ನನ್ನ ಮುಂದೆ ನಿಂತು, "ಯಾಕಮ್ಮ, ಕಂಡಕ್ಟ್ರಮ್ಮ, ನಮ್ಮೂರು ಕಾಣ್ಸಲ್ವಾ ನಿಂಗೆ?" ಎಂದು ಕೇಳಿದರು. ನಾನು ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದೆ. "ಮಾತಾಡಕ್ಕೂ ಕೊಬ್ಬಾ?" ಎಂದರು. ಹೆಬ್ಬೂರಿನಲ್ಲಿ ಬಸ್ಸು ನಿಂತ ಮೇಲೆ ದವಡೆ ತಾನಾಗಿ ಜಾರಿ ಮುಚ್ಚಿಕೊಂಡಿತು, ಆದರೆ ಅವರು ಆಗಲೇ ಇಳಿದು ವಾಪಸು ಹೋಗುವ ಬಸ್ಸಿಗೆ ಕಾಯುತ್ತ ಫೋನಿನಲ್ಲಿ ದೂರು ಹೇಳುತ್ತಿದ್ದರು.

ಡಿಪೋದಲ್ಲಿ ನನ್ನನ್ನು ಕರೆದು ಕೇಳಿದರು. ಗದರಲಿಲ್ಲ. ವಿಷಯ ತಿಳಿದ ಮೇಲೆ, ಬಸ್ಸು ಬೇಡ, ಒಳಗೆ ಮೇಜಿನ ಕೆಲಸ ಕೊಡುತ್ತೇವೆ, ಯೋಚನೆ ಮಾಡಿ ಹೇಳು ಎಂದರು. ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಹೊರಗೆ ಬಂದಾಗ ಪರಮಶಿವಯ್ಯನವರು ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದರು. "ಏನಂದ್ರು ಪ್ರಮೀಳಮ್ಮ?" ಎಂದರು. ಹೇಳಿದೆ. ಅವರು, "ಮೇಜಿನ್ ಮುಂದೆ ಕೂತ್ರೆ ನೀವು ಬದುಕಲ್ಲ ಬುಡಿ" ಎಂದರು. ನನಗೂ ಹಾಗೇ ಅನ್ನಿಸಿತ್ತು. ಬೇರೆಯವರ ಬಾಯಲ್ಲಿ ಕೇಳಿದಾಗ ಹೆದರಿಕೆಯಾಯಿತು.

ಮಾನ್ಯರೇ, ಅದೇ ವಾರ ನಮ್ಮ ಅತ್ತೆಯವರು ಬಂದರು. ಅವರ ಹೆಸರು ಸಿದ್ದಗಂಗಮ್ಮ. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ ನನ್ನ ಮೈದುನ ನಾಗೇಶನ ಸಂಸಾರದ ಜೊತೆ ಇದ್ದು, ಮನೆಯ ಅಡುಗೆಯನ್ನೂ ತೋಟದ ಮೇಲಿನ ಉಸ್ತುವಾರಿಯನ್ನೂ ಇನ್ನೂ ಯಾರಿಗೂ ಬಿಟ್ಟುಕೊಡದ ಹೆಂಗಸು. ನಮ್ಮಲ್ಲಿಗೆ ಬರುವಾಗ ಬರಿಗೈಯಲ್ಲಿ ಬರುವವರಲ್ಲ. ಆ ಸಲವೂ ಒಂದು ಡಬ್ಬಿ ನಿಪ್ಪಟ್ಟು, ಒಂದು ಡಬ್ಬಿ ಚಕ್ಕುಲಿ, ಗಟ್ಟಿ ಕೊಬ್ಬರಿ, ಅಚ್ಚು ಬೆಲ್ಲ ತಂದಿದ್ದರು. ಅವರ ಕೈಯ ನಿಪ್ಪಟ್ಟು ಮುರಿದರೆ ಪಕ್ಕದ ಮನೆಗೆ ಕೇಳಿಸುತ್ತದೆ. ತಟ್ಟೆಗೆ ಹಾಕಿ ನನ್ನ ಮುಂದಿಟ್ಟು ಎದುರಿಗೆ ಕೂತರು. ನಾನು ತಿನ್ನಲಿಲ್ಲ. "ಆಮೇಲೆ ತಿಂತೀನಿ ಅತ್ತೆ" ಎಂದು ಹಲ್ಲು ಬಿಡಿಸದೆ ಹೇಳಿದೆ. ಮಾರನೆಯ ದಿನವೂ ಹಾಗೇ ಹೇಳಿದೆ. ಅವರು ಊರಿನ ಸುದ್ದಿಯನ್ನೆಲ್ಲ ಹೇಳುವಾಗ ಬರೀ ಹೂಂ ಎಂದೆ. ಕಾಯಿಲೆಯ ವಿಷಯ ಅವರಿಗೆ ಹೇಳಿರಲಿಲ್ಲ, ಯಜಮಾನರಾದರೂ ಹೇಳಿರುತ್ತಾರೆಂದು ನಾನು, ನಾನೇ ಹೇಳಿರುತ್ತೇನೆಂದು ಯಜಮಾನರು.

ಮೂರನೆಯ ದಿನ ಬೆಳಗ್ಗೆ ಅತ್ತೆ ಚೀಲ ಕಟ್ಟಿ ಹಜಾರದಲ್ಲಿಟ್ಟಿದ್ದರು. ಯಜಮಾನರು ಯಾಕೆಂದು ಕೇಳಿದ್ದಕ್ಕೆ, "ರಾತ್ರಿಯೆಲ್ಲ ನನ್ ಮೇಲೆ ಹಲ್ಲು ಕಡೀತಾಳೆ ಕಣೋ ನಿನ್ ಹೆಂಡ್ತಿ. ನನ್ನ ಕೈದು ಒಂದು ಚೂರೂ ಬಾಯಿಗಿಡ್ಲಿಲ್ಲ. ಬೇಡ ಅಂದ್ರೆ ಬೇಡ ಅನ್ನಬೌದಾಗಿತ್ತು" ಎಂದರು. ನಾನು ಅಡುಗೆಮನೆಯಿಂದ ಓಡಿಬಂದೆ. ಹೇಳಬೇಕಾದದ್ದು ಬಹಳವಿತ್ತು, ಒಂದೇ ಸಲಕ್ಕೆ ಹೇಳಹೊರಟೆ, ದವಡೆ ಬಿಗಿದುಕೊಂಡಿತು. ಸಿಟ್ಟಿನಲ್ಲಿ ಹಲ್ಲು ಕಚ್ಚಿ ನಿಂತವಳ ಹಾಗೆ ಕಂಡಿರಬೇಕು. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ ಚಪ್ಪಲಿ ಮೆಟ್ಟಿದರು. ಗುಬ್ಬಿಯ ಬಸ್ಸು ಹತ್ತಿಸಿ ಬಂದ ಯಜಮಾನರು, ನನಗೆ ಹುಷಾರಿಲ್ಲವೆಂದು ಎಷ್ಟು ಹೇಳಿದರೂ ಅತ್ತೆ ಅದನ್ನು ನೆಪವೆಂದೇ ತಿಳಿದರೆಂದರು. ಆಮೇಲೆ, "ನಾಳೆ ಅಂಗಡಿಗೆ ಹೋಗಲ್ಲ. ಸರಿಯಾದ್ ಡಾಕ್ಟ್ರ ಹತ್ರ ಹೋಗಣ ನಡಿ" ಎಂದರು.

ಹೀಗೆ ನಾವು ದವಡೆಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ತೇಜಸ್ವಿನಿಯವರ ಮುಂದೆ ಕುಳಿತೆವು. ಅವರು ನನ್ನ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿದರು, ಸ್ಕ್ಯಾನ್ ಮಾಡಿಸಿದರು, ಪರದೆಯ ಮೇಲೆ ತಮ್ಮ ನಿವಾಸವನ್ನು ನಮಗೆ ತೋರಿಸಿದರು. ಯಜಮಾನರು ಮುಂದೆ ಬಾಗಿ ನೋಡಿ, "ನಾನ್ ಹೇಳಿರ್ಲಿಲ್ವಾ, ಬೇರಿಂಗ್ ಸವೆದೈತೆ" ಎಂದರು. ಡಾಕ್ಟರು ನಗಲಿಲ್ಲ. ಸವೆದಿರುವುದು ನಿಜವೇ ಎಂದು ಒಪ್ಪಿಕೊಂಡು ಹೇಳಿದರು: "ಆದ್ರೆ ಸರ್, ಸವೆದ ಬೇರಿಂಗು ಊದ್ಕೊಳಲ್ಲ, ಬಿಸಿ ಆಗಿ ತನ್ನನ್ನ ತಾನೇ ತಿನ್ನಲ್ಲ. ಕೀಲಿಗೆ ಜೀವ ಇದೆ."

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ತಾವು ತಿದ್ದಬೇಕು. ಕೀಲಿನ ಒಳಗೆ ಒಂದು ತೆಳ್ಳನೆಯ ಪೊರೆ ಇದೆ, ಕೀಲು ಜಾರಲು ಬೇಕಾದ ದ್ರವವನ್ನು ಅದು ಕೊಡುತ್ತದೆ. ಎಲುಬಿನ ತುದಿಗೆ ಮೃದ್ವಸ್ಥಿಯ ಹೊದಿಕೆ ಇದೆ. ಕೀಲಿಗೆ ಹೊರೆ ಹೆಚ್ಚಾದಾಗಲೋ ಪೆಟ್ಟಾದಾಗಲೋ ರಿಪೇರಿಗೆಂದು ತಾವು ಬರುತ್ತೀರಿ. ಬರುವುದು ತಪ್ಪಲ್ಲ, ತಮ್ಮ ಇಲಾಖೆಯ ಕೆಲಸವೇ ಅದು. ಆದರೆ ಕೆಲವರಲ್ಲಿ ತಾವು ಕೆಲಸ ಮುಗಿದ ಮೇಲೂ ಹೊರಡುವುದಿಲ್ಲ. ಪೊರೆ ಊದಿಕೊಳ್ಳುತ್ತದೆ, ಅದರಿಂದ ಒಸರುವ ರಾಸಾಯನಿಕಗಳು ಮೃದ್ವಸ್ಥಿಯನ್ನು ಕರಗಿಸುತ್ತವೆ, ಕರಗಿ ಉದುರಿದ ಚೂರುಗಳು ಪೊರೆಯನ್ನು ಇನ್ನಷ್ಟು ಕೆರಳಿಸುತ್ತವೆ, ಕೆರಳಿದ ಪೊರೆ ಇನ್ನಷ್ಟು ಕರಗಿಸುತ್ತದೆ. ತಮ್ಮ ಕೆಲಸದಿಂದಲೇ ತಮಗೆ ಕೆಲಸ ಹುಟ್ಟುತ್ತಾ ಹೋಗುತ್ತದೆ. ರಿಪೇರಿಗೆ ಬಂದವರು ಗೋಡೆ ಕೆಡವಿ, ಕೆಡವಿದ ಗೋಡೆಯ ರಿಪೇರಿಗೆಂದು ಮತ್ತಷ್ಟು ಆಳುಗಳನ್ನು ಕರೆಸಿಕೊಂಡು, ಮನೆಯವರ ಮುಂದೆ ಮುಖ ಒರೆಸಿಕೊಳ್ಳುತ್ತ ನಿಲ್ಲುವ ಇಂಥ ದಕ್ಷತೆಯನ್ನು ನಾನು ಇಡೀ ಜಿಲ್ಲೆಯಲ್ಲಿ ಕಂಡಿಲ್ಲ.

"ಹಂಗಾರೆ ಇದು ವಯಸ್ಸಿಂದಲ್ವಾ?" ಎಂದು ಯಜಮಾನರು ಕೇಳಿದರು. ವಯಸ್ಸೂ ಸೇರುತ್ತದೆ, ಹಲ್ಲು ಕಡಿಯುವುದೂ ಸೇರುತ್ತದೆ, ಕೂಗುವುದೂ ಸೇರುತ್ತದೆ, ಹೆಂಗಸರಲ್ಲಿ ಹೆಚ್ಚು, ಆದರೆ ವಯಸ್ಸು ಅಂತ ಹೇಳಿ ಕೈ ಕಟ್ಟಿ ಕೂರಬಾರದು, ಉರಿಯೂತವನ್ನು ಇಳಿಸಬಹುದು ಎಂದರು ಡಾಕ್ಟರು. ಯಜಮಾನರು ಪರದೆಯನ್ನೇ ನೋಡುತ್ತಾ ಕುಳಿತರು. ಇಷ್ಟು ವರ್ಷ ಅವರು ಸವೆದ ವಸ್ತುವನ್ನು ಬಿಚ್ಚಿ ಎಸೆದು ಹೊಸದು ಹಾಕಿದವರೇ ಹೊರತು ಸವೆಯುತ್ತಿರುವುದನ್ನು ಸಮಾಧಾನಪಡಿಸಿದವರಲ್ಲ.

ಮೆತ್ತನೆಯ ಊಟ, ಬಿಸಿ ಬಟ್ಟೆಯ ಶಾಖ, ಮಾತ್ರೆ, ನಿದ್ದೆಯಲ್ಲಿ ಹಲ್ಲಿಗೆ ಹಾಕಿಕೊಳ್ಳಲು ಅಚ್ಚು ತೆಗೆದು ಮಾಡಿಸಿದ ಒಂದು ಪಾರದರ್ಶಕ ಪಟ್ಟಿ, ಇಷ್ಟು ಮೊದಲು. ಅಗಿಯದೆ ತಿನ್ನುವಂಥದ್ದು ಏನಾದರೂ ಮನೆಯಲ್ಲಿ ರೂಢಿಯಿದೆಯೇ ಎಂದು ಡಾಕ್ಟರು ಕೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂದಿನಿಂದ ಯಜಮಾನರೇ ಮುದ್ದೆ ತಿರುವಿದರು. ಗಂಟಾಗುತ್ತಿತ್ತು. ಗಂಟುಗಳನ್ನೂ ನುಂಗಿದೆ.

ಇವುಗಳಿಂದ ತಾವು ಸ್ವಲ್ಪ ತಗ್ಗಿದಿರಿ, ಹೊರಡಲಿಲ್ಲ. ಆದ್ದರಿಂದ ಡಾಕ್ಟರು ತಾವು ಬೀಡುಬಿಟ್ಟಿರುವ ಕಚೇರಿಯನ್ನೇ ತೊಳೆಯುವುದೆಂದು ನಿಶ್ಚಯಿಸಿದರು. ಕಿವಿಯ ಮುಂದೆ ಮರಗಟ್ಟಿಸಿ, ಎರಡು ಸೂಜಿ ಇಟ್ಟು, ಒಂದರಿಂದ ಉಪ್ಪುನೀರು ಒಳಗೆ ಬಿಟ್ಟು ಇನ್ನೊಂದರಿಂದ ಹೊರಗೆ ಹರಿಸಿದರು. ನೋವಿಗಿಂತ ಹೆಚ್ಚಾಗಿ, ತಲೆಯೊಳಗೆ ಯಾರೋ ಬಟ್ಟೆ ಜಾಲಿಸುತ್ತಿರುವ ಹಾಗೆ ಅನ್ನಿಸಿತು. ಹೊರಗೆ ಕಾಯುತ್ತಿದ್ದ ಯಜಮಾನರು ಆಮೇಲೆ ಡಾಕ್ಟರನ್ನು ಗುಟ್ಟಾಗಿ ಕೇಳಿದ್ದು ಒಂದೇ ಪ್ರಶ್ನೆ, ಹೊರಗೆ ಬಂದ ನೀರಿನ ಬಣ್ಣ ಹೇಗಿತ್ತು ಎಂದು. ಎಂಜಿನ್ ಆಯಿಲ್ ಇಳಿಸಿದಾಗ ಅವರು ಮೊದಲು ನೋಡುವುದು ಅದನ್ನೇ.

ಕೆಲವು ದಿನ ಕಳೆದ ಮೇಲೆ ಬಾಯಿ ತೆರೆಯತೊಡಗಿತು. ಮೊದಲಿನಷ್ಟಲ್ಲ, ಆದರೆ ಮಾತಿಗೆ ಸಾಕು. ಮೊದಲು ಮಾತಾಡಬೇಕಾಗಿದ್ದವರು ಹಾಗಲವಾಡಿಯಲ್ಲಿದ್ದರು.

ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಒಬ್ಬಳೇ ಹೋದೆ. ಅತ್ತೆ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಮೊರ ಕೆಳಗಿಡಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು, ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ, ಟಕ್ ಶಬ್ದದಿಂದ ಹಿಡಿದು ಉಪ್ಪುನೀರಿನವರೆಗೆ ಎಲ್ಲ ಹೇಳಿದೆ. ನಿಪ್ಪಟ್ಟು ತಿನ್ನದೇ ಇದ್ದದ್ದು ಸಿಟ್ಟಿನಿಂದಲ್ಲ, ಯಾರೂ ನೋಡದಾಗ ಅದನ್ನು ಬಾಯಿಗಿಟ್ಟು ನೋಡಿ, ಆಗದೆ, ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ಹೋಗಿದ್ದೆ ಎಂದೂ ಹೇಳಿದೆ. ಅಷ್ಟು ಹೇಳುವ ಹೊತ್ತಿಗೆ ಮೊರ ನಿಂತಿತ್ತು.

ಅತ್ತೆ ಎದ್ದು ಬಂದು ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು. ಕೈಗೆ ಮೆತ್ತಿದ್ದ ಹೊಟ್ಟನ್ನು ಸೀರೆಗೆ ಒರೆಸಿಕೊಂಡು, ತೋರುಬೆರಳನ್ನು ನನ್ನ ಬಲಗಿವಿಯ ಮುಂದೆ ಇಟ್ಟು ಒತ್ತಿದರು. "ಇಲ್ಲಿ?"

"ಹೂಂ, ಅಲ್ಲೇ" ಎಂದೆ.

"ಎದ್ದ ತಕ್ಷಣ ಬೀಗ ಹಾಕ್ದಂಗೆ ಇರ್ತದಾ? ಬಿಸಿನೀರು ಮುಕ್ಕಳಿಸಿದ್ ಮೇಲೆ ಒಂಚೂರು ಸಡ್ಲ ಆಯ್ತದಾ?"

"ಹೂಂ ಅತ್ತೆ. ನಿಮಗೆ ಹೆಂಗೆ ಗೊತ್ತು?"

ಅವರು ನನ್ನ ಕೈ ಹಿಡಿದು ತಮ್ಮ ಕೆನ್ನೆಯ ಮೇಲೆ ಇಟ್ಟುಕೊಂಡು ಬಾಯಿ ತೆರೆದರು. ನನ್ನ ಬೆರಳಿನ ಕೆಳಗೆ ಜಲ್ಲಿಕಲ್ಲಿನ ಮೇಲೆ ಚಕ್ರ ಹೋದ ಹಾಗೆ ಕರಕರ ಎಂದಿತು. ಬಾಯಿ ತೆರೆದದ್ದು ಬಹಳ ಸ್ವಲ್ಪ.

ನಾಗೇಶ ತೊಟ್ಟಿಲಲ್ಲಿದ್ದಾಗ ಶುರುವಾಯಿತಂತೆ. ಆಗ ಅತ್ತೆಗೆ ಮೂವತ್ತು ಆಗಿತ್ತೋ ಇಲ್ಲವೋ. ಮಾವನವರಾದ ಶಿವರಾಮಯ್ಯನವರು ಕೆಟ್ಟವರಲ್ಲ, ಕೇಳಿ, "ವಯಸ್ಸಾಗ್ತಾ ಬಂತಲ್ಲ" ಎಂದಿದ್ದರಂತೆ. ಅತ್ತೆ ಅದನ್ನು ನಂಬಿದರು. ಮುದ್ದೆ ನುಂಗಿದರು, ಸಾರಿಗೆ ಅನ್ನ ಕಿವುಚಿಕೊಂಡರು, ಎಲ್ಲರೂ ಉಂಡೆದ್ದ ಮೇಲೆ ಒಲೆಯ ಮುಂದೆ ಒಬ್ಬರೇ ಕುಳಿತು ಉಂಡರು. ಅಡುಗೆ ಮಾಡುವ ಹೆಂಗಸು ಕೊನೆಗೆ ಉಣ್ಣುವುದು ಎಲ್ಲ ಮನೆಯಲ್ಲೂ ಇರುವುದೇ ಆದ್ದರಿಂದ ಯಾರೂ ಏನೂ ಕೇಳಲಿಲ್ಲ. "ನಿಪ್ಪಟ್ಟು?" ಎಂದು ನಾನು ಕೇಳಿದೆ. "ಕೈಯಲ್ ಮುರಿದ್ರೆ ಸದ್ದಲ್ಲೇ ಗೊತ್ತಾಯ್ತದೆ, ಬೆಂದೈತೋ ಇಲ್ವೋ ಅಂತ. ತಿಂದು ನೋಡ್ಬೇಕಾ?" ಎಂದರು. ಆಮೇಲೆ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು, "ನೀವ್ ತಿನ್ನೋದ್ ನೋಡಕ್ಕೆ ಮಾಡ್ಕೊಂಡು ಬರ್ತಿದ್ದೆ ಕಣೇ" ಎಂದರು.

ನಾಗೇಶ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ತೋಟ ನೋಡಿಕೊಂಡು ಬರುತ್ತೇನೆಂದು ಹೇಳಿ ಹೊರಟವನು ಅಂಗಳದ ತುದಿಯಲ್ಲೇ ಬೆನ್ನು ತಿರುಗಿಸಿ ನಿಂತುಬಿಟ್ಟ.

ಅತ್ತೆಯವರನ್ನು ತುಮಕೂರಿಗೆ ಕರೆತಂದು ಡಾಕ್ಟರ ಮುಂದೆ ಕೂರಿಸಿದೆವು. ಸ್ಕ್ಯಾನ್ ಬಂದಾಗ ನನಗೇ ಗೊತ್ತಾಯಿತು, ಅವರ ಕೀಲು ನನ್ನದಕ್ಕಿಂತ ಬಹಳ ಹೆಚ್ಚು ಸವೆದಿತ್ತು, ಎಲುಬಿನ ದುಂಡನೆಯ ತಲೆ ಚಪ್ಪಟೆಯಾಗಿತ್ತು. ಆದರೆ ಡಾಕ್ಟರು ಒತ್ತಿ ನೋಡಿದಾಗ ಅತ್ತೆ ನೋಯುವುದಿಲ್ಲ ಎಂದರು. ಡಾಕ್ಟರು ತಮ್ಮ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡು, "ಅಜ್ಜಿ, ನಿಮ್ಮಲ್ಲಿ ಉರಿಯೂತ ಈಗ ಇಲ್ಲ. ಅದರ ಪಾಡಿಗೆ ಅದು ಉರಿದು ತಣ್ಣಗಾಗಿದೆ. ಕೀಲು ಬೇರೆ ಆಕಾರಕ್ಕೆ ಬಂದು ಹಂಗೇ ನಿಂತಿದೆ. ಸೂಜಿ, ಮಾತ್ರೆ ಏನೂ ಬೇಡ. ಬಾಯಿ ತೆರೆಯೋದಕ್ಕೆ ವ್ಯಾಯಾಮ ಹೇಳಿಕೊಡ್ತೀನಿ" ಎಂದರು.

ಅತ್ತೆ ತಲೆಯಾಡಿಸಿದರು. ಆಮೇಲೆ ಕೇಳಿದರು: "ಆವತ್ತೇ ಬಂದಿದ್ರೆ?"

ಡಾಕ್ಟರು ಕೈಯಲ್ಲಿದ್ದ ಸ್ಕ್ಯಾನನ್ನು ಮೇಜಿನ ಮೇಲಿಟ್ಟರು. ಆಗ ಈಗಿನಷ್ಟು ತಿಳಿದಿರಲಿಲ್ಲ, ಆದರೂ ನೋವನ್ನು ಕಡಿಮೆ ಮಾಡಬಹುದಿತ್ತು ಎಂದರು. ಅತ್ತೆ ಸೆರಗನ್ನು ಸರಿಮಾಡಿಕೊಂಡು, "ಆಗ್ಲಿ ಬುಡಿ. ಇವ್ಳುದು ಬೇಗ ಆರ್ಸಿ. ಇವ್ಳು ಬಸ್ಸಲ್ಲಿ ಕೂಗ್ಬೇಕು" ಎಂದರು.

ಮಾನ್ಯರೇ, ನನ್ನ ದೂರಿನ ತಿರುಳು ಇಲ್ಲಿದೆ. ಆ ಹೆಂಗಸಿನ ಕೀಲಿನಲ್ಲಿ ತಾವು ವರ್ಷಗಟ್ಟಲೆ ಒಲೆ ಉರಿಸಿ, ಉರಿಸಲು ಇನ್ನೇನೂ ಉಳಿಯದಾದಾಗ ಎದ್ದು ಹೋದಿರಿ. ಆ ಕೆಲಸದ ಹೆಸರು ತಮ್ಮ ಮೇಲೆ ಬರದಂತೆ ವಯಸ್ಸಿನ ಮೇಲೆ ಹಾಕಿದಿರಿ. ವಯಸ್ಸು ಪಾಪ, ಯಾರು ಏನು ಹಾಕಿದರೂ ಹೊತ್ತುಕೊಳ್ಳುತ್ತದೆ. ತಾವು ಇಷ್ಟು ದೊಡ್ಡ ಕೆಲಸ ಮಾಡಿಯೂ ಹೆಸರಿಗೆ ಆಸೆಪಡದವರೆಂದು ಯಾವುದಾದರೂ ಸಂಘದವರು ತಮಗೆ ಸನ್ಮಾನ ಮಾಡಿದರೆ ಶಾಲು ಹೊದಿಸಲು ನಾನೇ ಬರುತ್ತೇನೆ.

ಈಗಿನ ಸ್ಥಿತಿ ಹೀಗಿದೆ. ಮೇಜಿನ ಕೆಲಸ ಬೇಡವೆಂದು ಡಿಪೋದಲ್ಲಿ ಹೇಳಿದ್ದೇನೆ, ಡಾಕ್ಟರ ಪತ್ರ ನೋಡಿ ಅವರು ಒಪ್ಪಿದ್ದಾರೆ. ಜೋರಾಗಿ ಕೂಗಬಾರದೆಂದು ಡಾಕ್ಟರ ಆಜ್ಞೆ ಇರುವುದರಿಂದ ಊರುಗಳ ಹೆಸರನ್ನು ಈಗ ಪರಮಶಿವಯ್ಯನವರು ಚಾಲಕನ ಸೀಟಿನಿಂದಲೇ ಕೂಗುತ್ತಾರೆ. ಅವರ ಗಂಟಲು ದೊಡ್ಡದು, ಇಳಿಯಬೇಕಾದವರ ಜೊತೆಗೆ ಇಳಿಯಬೇಕಾಗಿಲ್ಲದವರೂ ಗಾಬರಿಯಿಂದ ಎದ್ದು ನಿಲ್ಲುತ್ತಾರೆ. ನನ್ನ ಮೇಲೆ ದೂರು ಹೇಳಿದ್ದ ನಾಗವಲ್ಲಿಯ ಹಿರಿಯರು ಮತ್ತೆ ಹತ್ತಿದಾಗ ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ವಿಷಯ ಹೇಳಿದೆ. ಅವರು ತಮ್ಮ ಹೆಂಡತಿಗೂ ಕಿವಿನೋವೆಂದು ಹೇಳಿ ಡಾಕ್ಟರ ವಿಳಾಸ ಬರೆಸಿಕೊಂಡರು.

ಅತ್ತೆಯವರು ಸದ್ಯಕ್ಕೆ ನಮ್ಮಲ್ಲೇ ಇದ್ದಾರೆ. ಬೆಳಗ್ಗೆ ನಾವಿಬ್ಬರೂ ಬೀರುವಿನ ಕನ್ನಡಿಯ ಮುಂದೆ ನಿಂತು, ನಾಲಿಗೆಯ ತುದಿಯನ್ನು ಅಂಗುಳಿಗೆ ಒತ್ತಿ, ನಿಧಾನವಾಗಿ ಬಾಯಿ ತೆರೆದು ಮುಚ್ಚುತ್ತೇವೆ. ಮೊದಲ ದಿನ ಯಜಮಾನರು ನಮ್ಮನ್ನು ನೋಡಿ ಅವರನ್ನೇ ಅಣಕಿಸುತ್ತಿದ್ದೇವೆಂದುಕೊಂಡರು. ಈಗ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಅತ್ತೆ ಮೊದಮೊದಲು ಒಪ್ಪಲಿಲ್ಲ, ತಾವು ಉಣ್ಣುವುದನ್ನು ಯಾರಾದರೂ ನೋಡುವುದು ಅವರಿಗೆ ನಾಚಿಕೆ. ಯಜಮಾನರು ತಟ್ಟೆ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಅವರ ಪಕ್ಕದಲ್ಲೇ ಕುಳಿತರು, ಹಿಂದೆಯೇ ನಾನೂ ಹೋದೆ. ಮೂವರಿಗೆ ಅಲ್ಲಿ ಜಾಗ ಸಾಲದು. ಮೊಣಕೈ ತಾಗಿಸಿಕೊಂಡು ಉಣ್ಣುತ್ತೇವೆ.

ನನ್ನ ಕೋರಿಕೆಗಳು ಹೆಚ್ಚಿಲ್ಲ. ತಾವು ಪೂರ್ತಿ ಹೊರಡುವುದು ಸಾಧ್ಯವಿಲ್ಲವೆಂದೂ ಆಗಾಗ ಬಂದು ಹೋಗುತ್ತೀರೆಂದೂ ಡಾಕ್ಟರು ಎಚ್ಚರಿಸಿದ್ದಾರೆ. ಹಾಗಾದರೆ ಬರುವ ಮೊದಲು ಲಿಖಿತವಾಗಿ ತಿಳಿಸಬೇಕು. ದೇವರಾಯನದುರ್ಗದ ಜಾತ್ರೆಗೆ ಹೆಚ್ಚುವರಿ ಬಸ್ಸು ಬಿಡುವ ದಿನಗಳಲ್ಲಿ ಬರಬಾರದು, ಅಂದು ನಮಗೂ ರಜೆ ಸಿಗುವುದಿಲ್ಲ. ಮೂವತ್ತು ತುಂಬದ ಹೆಂಗಸರ ದವಡೆಯಲ್ಲಿ ತಾವು ಇಳಿಯುವಾಗ ಬಾಗಿಲ ಮೇಲೆ ತಮ್ಮ ಹೆಸರಿನ ಫಲಕ ಹಾಕಿಕೊಳ್ಳಬೇಕು, ಅವರ ಮನೆಯವರಿಗೆ ಓದಲು ಬರುವ ಅಕ್ಷರದಲ್ಲಿ. ಇದಿಷ್ಟು ಆಗದಿದ್ದರೆ, ತಮಗೆ ಮುಂಬಡ್ತಿ ಕೊಟ್ಟು ದೇಹವೇ ಇಲ್ಲದ ಯಾವುದಾದರೂ ಊರಿಗೆ ವರ್ಗ ಮಾಡುವಂತೆ ಮೇಲಿನವರಿಗೆ ಬರೆಯಲು ನನ್ನ ಅಭ್ಯಂತರವಿಲ್ಲ.

ತಮ್ಮ ಉತ್ತರವನ್ನು ಬೆಳಗಿನ ಮೊದಲ ಆಕಳಿಕೆಯ ಹೊತ್ತಿಗೆ ನಿರೀಕ್ಷಿಸುತ್ತಾ,

ಬೇರೆ ದಾರಿ ಕಾಣದೆ ತಮ್ಮ ವಿಶ್ವಾಸಿಯಾಗಿರುವ,
ಪ್ರಮೀಳಾ,
ನಿರ್ವಾಹಕಿ, ತುಮಕೂರು–ಕುಣಿಗಲ್ ಮಾರ್ಗ,
ಉಪ್ಪಾರಹಳ್ಳಿ, ತುಮಕೂರು.

ತಾ.ಕ.: ಪತ್ರವನ್ನು ಓದಿ ಹೇಳಿದಾಗ ಅತ್ತೆಯವರು ಕೊನೆಯಲ್ಲಿ ತಮ್ಮದೂ ಎರಡು ಮಾತು ಸೇರಿಸಬೇಕೆಂದರು. ಸೇರಿಸಲು ಪೆನ್ನು ಹಿಡಿದು ಕುಳಿತೆ. ಅವರು ಹೇಳಿದ್ದು ಹಾಗಲವಾಡಿಯ ಅಚ್ಚಕನ್ನಡದಲ್ಲಿ, ಬಾಯಿ ತೆರೆಯುವಷ್ಟೂ ತೆರೆದು, ಒಂದು ಸಲವೂ ತಡವರಿಸದೆ. ನಾನು ಸರ್ಕಾರಿ ನೌಕರಿಯಲ್ಲಿರುವವಳು, ಅದನ್ನು ಕಾಗದದ ಮೇಲೆ ಬರೆಯಲಾರೆ. ತಾವು ವಾಸವಿರುವುದು ಕಿವಿಯ ಪಕ್ಕದಲ್ಲೇ ಆದ್ದರಿಂದ ತಮಗೆ ಕೇಳಿಸಿರಬೇಕೆಂದು ನಂಬಿದ್ದೇನೆ.